ಶಿವನಸಮುದ್ರಕ್ಕೆ ವಿದ್ಯುತ್ ಕಾರಿನಲ್ಲಿ

ಕನಕಪುರ, ಮಳವಳ್ಳಿಗಳ ಮಾರ್ಗವಾಗಿ ಶಿವನಸಮುದ್ರಕ್ಕೆ ಹೊರಡುವ ಬೆಂಗಳೂರಿಗರಿಗೆ ಪೆಟ್ರೋಲಿನ ಯೋಚನೆ ಹೊಸದಲ್ಲ. ನಮಗಾದರೋ ಈ ಸಲ ಬ್ಯಾಟರಿಯ ಯೋಚನೆ. ಮನೆಗೆ ಬಂದ ಮೊದಲ ವಿದ್ಯುತ್ ಕಾರಿನ ಮೊದಲ ದೂರಪ್ರಯಾಣವಿದು. ಬ್ಯಾಟರಿಯಲ್ಲಿ ಹಿಡಿಯುವುದು 30 ಯೂನಿಟ್ಟು. ಮನೆಯ 15 ಆಂಪಿಯರ್ ಪ್ಲಗ್ಗು ನೀಡುವುದು ಗಂಟೆಗೆ ಸುಮಾರು 3. ಹಾಲಿಗೆ ಹೆಪ್ಪು ಹಾಕಿದಂತೆ ರಾತ್ರಿ ಜೋಡಿಸಿ ಮಲಗಿದರೆ ಬೆಳಗಿಗೆ ಸಿದ್ಧ.

ಹೋಗುವ ದಾರಿ ಬಹುಮಟ್ಟಿಗೆ ಇಳಿಜಾರು. ವೇಗ ತಗ್ಗಿಸಿದಾಗಲೆಲ್ಲ ಚಕ್ರಗಳೇ ಮೋಟಾರನ್ನು ತಿರುಗಿಸಿ ಕೊಂಚ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತವೆ. ಆದರೆ ಹಿಂದಿರುಗುವಾಗ ಅದೇ ದಾರಿ ಏರು! ಜೊತೆಯಲ್ಲಿ ಎಂಬತ್ತು ದಾಟಿದ ತಾಯಿ. ನಡುದಾರಿಯಲ್ಲಿ ಕಾರು ನಿಂತರೆ ಗತಿಯೇನು? ಆದುದರಿಂದ ಮಳವಳ್ಳಿಯಲ್ಲಿರುವ ಸೋದರಮಾವನ ಮನೆಯ ಪ್ಲಗ್ಗನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೆವು.

ಗಗನಚುಕ್ಕಿ, ಭರಚುಕ್ಕಿಗಳ ಸೊಬಗನ್ನು ಕಣ್ತುಂಬ ನೋಡಿದೆವು. ಇಲ್ಲಿನ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ಹತ್ತಾರು ಕಡೆಯ ವಿದ್ಯುತ್ತು ಒಂದೇ ಜಾಲದಲ್ಲಿ ಬೆರೆಯುತ್ತದೆ. ನಮ್ಮ ಕಾರನ್ನು ನಡೆಸಿದುದರಲ್ಲಿ ಕಾವೇರಿಯ ಪಾಲೆಷ್ಟೆಂದು ಬೇರ್ಪಡಿಸಿ ಹೇಳುವವರಾರು?

ಮಳವಳ್ಳಿಗೆ ಮರಳಿದಾಗ ಉಳಿದಿದ್ದುದು ಮೂರರಲ್ಲೊಂದು ಪಾಲು. ನಾಲ್ಕು ಗಂಟೆಗಳಲ್ಲಿ 12 ಯೂನಿಟ್ಟು ಸೇರಿತು. ಅಷ್ಟು ಹೊತ್ತೂ ಅಕ್ಕ ತಮ್ಮಂದಿರು ಜಗಲಿಯ ಮೇಲೆ ಕುಳಿತು, ಗತಿಸಿದವರನ್ನೆಲ್ಲ ಹೆಸರಿಡಿದು ನೆನೆದರು. ಪೆಟ್ರೋಲು ಕಾರಾಗಿದ್ದರೆ ಕಾಫಿ ಕುಡಿದು ಹೊರಟುಬಿಡುತ್ತಿದ್ದೆವು.

“ಇನ್ನೂ ತುಂಬಲಿಲ್ಲವೇ?” ಎಂದು ನಾನು ಹಣಕಿದಾಗ, “ಅವಸರವೇನಪ್ಪಾ, ನಿಧಾನವಾಗಿ ತುಂಬಲಿ” ಎಂದರು ತಾಯಿ.