ಗಡಿನೀರಿನ ನಾಡಿನಲ್ಲಿ ಒಂದು ಬೆಚ್ಚನೆಯ ಡೇರೆ

ಮಕರ ಮಾಸದ ಮುಂಜಾನೆಗಳಲ್ಲಿ ಬಚ್ಚಲೊಲೆಯ ಮುಂದೆ ಕುಳಿತು ಕೈ ಕಾಯಿಸುತ್ತಿದ್ದುದೇ ಬಾಲ್ಯದಲ್ಲಿ ನಾನು ಕಂಡ ಚಳಿಗಾಲ. ಹಂಡೆಯ ನೀರು ಕಾಯುವವರೆಗೆ ತೆಂಗಿನ ಮಡಲು, ಅಡಿಕೆ ಸಿಪ್ಪೆ, ಕರಟಗಳನ್ನು ಒಂದೊಂದಾಗಿ ಒಲೆಗೆ ಉಣಿಸುವ ಕೆಲಸ ಮಕ್ಕಳದು. ಬೂದಿ ತುಂಬಿ ಹೊಗೆ ಹಿಂದಕ್ಕೆ ಹೊಡೆದರೆ ಅಮ್ಮ ಅಡುಗೆಮನೆಯಿಂದಲೇ, “ಒಲೆಗೆ ಉಸಿರಾಡಲು ಜಾಗ ಬಿಡಿರೋ” ಎಂದು ಕೂಗುತ್ತಿದ್ದರು. ಆ ಮಾತು ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಹೆಪ್ಪುಗಟ್ಟಿದ ಸರೋವರವೊಂದರ ದಡದಲ್ಲಿ, ನಡುರಾತ್ರಿಯಲ್ಲಿ ನನಗೆ ನೆನಪಾಗುವ ಪ್ರಸಂಗ ಒದಗಿತು.

ಕಳೆದ ಜನವರಿಯಲ್ಲಿ ಕಡತಗಳನ್ನೆಲ್ಲ ಕಿರಿಯ ವಕೀಲರೊಬ್ಬರಿಗೆ ಒಪ್ಪಿಸಿ, ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿರುವ ತಂಗಿಯ ಮನೆಗೆ ಮೂರು ವಾರಗಳ ಮಟ್ಟಿಗೆ ಹೋಗಿದ್ದೆ. ಅಲ್ಲಿ ಜನವರಿಯ ಮೂರನೆಯ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಸ್ಮರಣೆಯ ರಜೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ಬಿಡುವು. ಹದಿನಾಲ್ಕು ವರ್ಷದ ಅಳಿಯನಿಗೆ ಹಿಮದ ಮೇಲೆ ಡೇರೆ ಹೂಡಿ ಮಲಗಬೇಕೆಂಬ ಹಂಬಲ ಎರಡು ವರ್ಷಗಳಿಂದ ಇತ್ತು, ಭಾವನಿಗೂ ಅಷ್ಟೇ. ತಡೆದು ನಿಂತವಳು ತಂಗಿ. ಕೊನೆಗೆ ಅವಳು ಒಂದು ಷರತ್ತಿನ ಮೇಲೆ ಒಪ್ಪಿದಳು: “ಡೇರೆಯನ್ನೂ ಒಲೆಯನ್ನೂ ಅಣ್ಣನೇ ನೋಡಿ ಆರಿಸಲಿ. ಅವನಿಗೆ ಯಾವುದರಲ್ಲೂ ಸುಲಭವಾಗಿ ನಂಬಿಕೆ ಬರುವುದಿಲ್ಲ.” ವಕೀಲನಾದವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇರಿಲ್ಲವೆಂದು ನಾನು ಒಪ್ಪಿಕೊಂಡೆ.

ಆದರೆ ನನ್ನ ಅಪನಂಬಿಕೆಗೆ ಬೇರೊಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಪರಿಹಾರದ ಮೊಕದ್ದಮೆಯೊಂದರಲ್ಲಿ ನಾನು ವಾದಿಗಳ ಪರ ಹಾಜರಾಗಿದ್ದೆ. ಬೆಟ್ಟದೂರಿನ ವಸತಿಗೃಹದಲ್ಲಿ ಚಳಿ ತಾಳಲಾರದೆ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ, ಕೆಂಡದ ಬಾಣಲೆಯನ್ನು ಕೋಣೆಯೊಳಗಿಟ್ಟು ಮಲಗಿದ ಇಬ್ಬರು ಬೆಳಗ್ಗೆ ಏಳಲಿಲ್ಲ. ಮರಣೋತ್ತರ ಪರೀಕ್ಷೆಯ ವರದಿಯನ್ನು ನ್ಯಾಯಾಲಯದಲ್ಲಿ ಓದಿದವನು ನಾನೇ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಿಗಿಯಲ್ಲಿ ಅದನ್ನು ಅಂಟಿಸಿಕೊಳ್ಳುತ್ತದೆ. ಇದನ್ನು ತಂಗಿಗೆ ಹೇಳಿರಲಿಲ್ಲ. ಹೇಳಿದ್ದರೆ ಪ್ರಯಾಣವೇ ನಿಲ್ಲುತ್ತಿತ್ತು.

ನಾವು ಹೊರಟದ್ದು ಮಿನ್ನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದ ಎಲಿ ಎಂಬ ಪುಟ್ಟ ಪಟ್ಟಣಕ್ಕೆ. ಅದರಾಚೆಗೆ ಕೆನಡಾದ ಗಡಿಯುದ್ದಕ್ಕೂ ಹತ್ತು ಲಕ್ಷ ಎಕರೆಗೂ ಹೆಚ್ಚು ವಿಸ್ತಾರದ ಕಾಡು. ಅದರಲ್ಲಿ ಸಾವಿರಕ್ಕೂ ಮಿಕ್ಕ ಸರೋವರಗಳು. ‘ಗಡಿಯ ನೀರು’ ಎಂಬ ಅರ್ಥದ ಹೆಸರಿನಿಂದಲೇ ಆ ಪ್ರದೇಶವನ್ನು ಕರೆಯುತ್ತಾರೆ. 1964ರ ಅರಣ್ಯ ಕಾಯಿದೆಯೂ 1978ರ ಪ್ರತ್ಯೇಕ ಕಾಯಿದೆಯೂ ಅದನ್ನು ಕಾಪಾಡುತ್ತಿವೆ. ಮೋಟಾರು ವಾಹನಗಳಿಗೆ ಅಲ್ಲಿ ಬಹುತೇಕ ಪ್ರವೇಶವಿಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಕಾಲು ಮತ್ತು ಜಾರುಬಂಡಿ. 1956ರಲ್ಲಿ ಕಾಗದದ ಮೇಲೆಳೆದ ಗೆರೆಯೊಂದರ ಈಚೆಗೆ ಉಳಿದ ನಮ್ಮಂಥವರಿಗೆ ಗಡಿ ಎಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಅಲ್ಲಿ ಗಡಿ ಸರೋವರಗಳ ನಡುವೆ ಹಾದು, ಮಂಜುಗಡ್ಡೆಯ ಕೆಳಗೆ ಯಾರ ಕಣ್ಣಿಗೂ ಬೀಳದೆ ಮಲಗಿದೆ.

ಚಳಿಯ ಅಂದಾಜಿಗೆ ಒಂದು ಅಂಕಿ ಸಾಕು. ಎಲಿಗೆ ಸಮೀಪದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಉಷ್ಣಾಂಶ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ನಮಗೆ ಮುನ್ಸೂಚನೆ ಇದ್ದದ್ದು ಸೊನ್ನೆಗಿಂತ 24 ಡಿಗ್ರಿ ಕೆಳಗೆ. “ಈ ಸಲ ಚಳಿ ಹದವಾಗಿದೆ” ಎಂದು ಭಾವ ಸಂತೋಷಪಟ್ಟರು.

ಎಲಿಯಲ್ಲಿ ಚಳಿಗಾಲದ ಸಾಮಗ್ರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ನಾವು ಹೊಕ್ಕ ಅಂಗಡಿಯಲ್ಲಿ ಮೂರು ಬಗೆಯ ಡೇರೆಗಳನ್ನು ಹರವಿ ತೋರಿಸಿದರು. ಭಾವನ ಕಣ್ಣು ಮೊದಲೇ ಒಂದರ ಮೇಲೆ ನೆಟ್ಟಿತ್ತು: ನಡುವೆ ಒಂದೇ ಕಂಬದ, ಗೋಪುರದಾಕಾರದ ನೈಲಾನ್ ಡೇರೆ. ಒಲೆಯೂ ಟೈಟಾನಿಯಂ ತಗಡಿನದು. ಹೊಗೆಕೊಳವೆಯನ್ನು ಚಾಪೆಯಂತೆ ಸುರುಳಿ ಸುತ್ತಬಹುದು. ಎಲ್ಲವೂ ಸೇರಿ ಒಂದು ಬೆನ್ನುಚೀಲದಲ್ಲಿ ಅಡಗುತ್ತದೆ. ಅಳಿಯನಿಗೆ ಎದ್ದು ನಡೆದಾಡಬಹುದಾದ, ನೆಟ್ಟಗಿನ ಗೋಡೆಗಳ ದೊಡ್ಡ ಕ್ಯಾನ್ವಾಸ್ ಡೇರೆ ಬೇಕಿತ್ತು. ಮೂರನೆಯದು ಹತ್ತಿಬಟ್ಟೆಯದೇ ಆದರೂ ಚಿಕ್ಕದು. ಅಲ್ಯೂಮಿನಿಯಂ ಕೋಲುಗಳ ಚೌಕಟ್ಟು, ಒಲೆ ಉಕ್ಕಿನದು.

ನಾನು ಅಂಗಡಿಯ ಹಿರಿಯ ಹೆಂಗಸಿಗೆ ಪಾಟೀಸವಾಲು ಆರಂಭಿಸಿದೆ. ಆಕೆ ಬೇಸರಪಡದೆ ಉತ್ತರಿಸಿದರು. ನೈಲಾನ್ ಹಗುರ, ನಿಜ. ಆದರೆ ಕೊಳವೆಯಿಂದ ಹಾರಿದ ಒಂದು ಕಿಡಿ ಸಾಕು, ಬಟ್ಟೆ ಕರಗಿ ತೂತಾಗುತ್ತದೆ. ಅದಕ್ಕೆ ಉಸಿರಾಡುವ ಗುಣವೂ ಇಲ್ಲ. ನಮ್ಮ ಉಸಿರಿನ, ಕುದಿಯುವ ನೀರಿನ ಆವಿ ಒಳಮೈಯಲ್ಲಿ ಹನಿಗೂಡಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಹತ್ತಿಬಟ್ಟೆಯ ಮೇಲೆ ಕಿಡಿ ಬಿದ್ದರೆ ಹೆಚ್ಚಾಗಿ ಒಂದು ಕಂದು ಚುಕ್ಕೆಯಲ್ಲಿ ಮುಗಿಯುತ್ತದೆ. ಆವಿ ನೇಯ್ಗೆಯ ನಡುವಿನಿಂದ ಹೊರಹೋಗುತ್ತದೆ. ಟೈಟಾನಿಯಂ ಒಲೆ ಬೇಗ ಕಾಯುತ್ತದೆ, ಅಷ್ಟೇ ಬೇಗ ತಣಿಯುತ್ತದೆ. ಉಕ್ಕು ಕಾವನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿಡುತ್ತದೆ, ಆದರೂ ಸೌದೆಪೆಟ್ಟಿಗೆ ಚಿಕ್ಕದಾದ್ದರಿಂದ ಗಂಟೆಗೊಮ್ಮೆ ಉಣಿಸಲೇಬೇಕು. ‘ನಾಲ್ವರ ಡೇರೆ’ ಎಂದು ಬರೆದಿದ್ದರೆ ಒಲೆ, ಸೌದೆ, ಒದ್ದೆ ಬೂಟುಗಳನ್ನು ಕಳೆದು ಇಬ್ಬರಿಗೆ ಎಂದು ಓದಿಕೊಳ್ಳಬೇಕಂತೆ.

“ಒಲೆ ಇರುವುದರಿಂದ ತೆಳ್ಳಗಿನ ನಿದ್ರಾಚೀಲ ಸಾಕಲ್ಲವೇ?” ಎಂದು ಕೇಳಿದೆ. ಆಕೆಯ ಮುಖ ಗಂಭೀರವಾಯಿತು. ಒಲೆ ಇಲ್ಲವೇ ಇಲ್ಲ ಎಂದೆಣಿಸಿ ನಿದ್ರಾಚೀಲ ಆರಿಸಿ, ಒಲೆ ಇರುವುದು ಬಟ್ಟೆ ಒಣಗಿಸಲಿಕ್ಕೆ, ಅಡುಗೆಗೆ, ಸಂಜೆ ಕುಳಿತು ಮಾತಾಡಲಿಕ್ಕೆ ಎಂದರು. ಅಂದಿನ ಎಲ್ಲ ಉತ್ತರಗಳಲ್ಲಿ ಇದೇ ಬೆಲೆಬಾಳುವುದು. ಭಾವ ಇನ್ನೂ ಗೋಪುರದ ಡೇರೆಯತ್ತ ನೋಡುತ್ತಿದ್ದರು. “ಭಾವಯ್ಯ, ನಾವು ಬೆಟ್ಟ ಹತ್ತುತ್ತಿಲ್ಲ, ಸಮತಟ್ಟಾದ ಮಂಜುಗಡ್ಡೆಯ ಮೇಲೆ ಜಾರುಬಂಡಿ ಎಳೆಯುತ್ತೇವೆ, ಹತ್ತು ಕಿಲೋ ಹೆಚ್ಚಾದರೇನು?” ಎಂದೆ. ತೀರ್ಪು ಮೂರನೆಯ ಡೇರೆಯ ಪರವಾಗಿ ಬಂತು. ಅನಿಲ ಸೂಚಕ ಗಂಟೆಯೊಂದನ್ನು ನಾನು ಮನೆಯಿಂದಲೇ ತಂದಿದ್ದೆ. ಅದರ ಬ್ಯಾಟರಿ ಚಳಿಗೆ ಸೋಲುತ್ತದೆಂದು ದಾರಿಯುದ್ದಕ್ಕೂ ಅಂಗಿಯೊಳಗೆ ಇಟ್ಟುಕೊಂಡೆ.

ಬಟ್ಟೆಯ ಮನೆಯೊಳಗೆ ಒಲೆ ಹೂಡುವ ವಿದ್ಯೆ ಹಳೆಯದು. ಕ್ರೀ, ಇನ್ನು ಮುಂತಾದ ಉತ್ತರದ ಮೂಲನಿವಾಸಿಗಳು ವ್ಯಾಪಾರಿಗಳಿಂದ ಕ್ಯಾನ್ವಾಸೂ ತಗಡಿನ ಒಲೆಯೂ ಬಂದ ಮೇಲೆ ಇಂಥ ಡೇರೆಗಳಲ್ಲೇ ಇಡೀ ಚಳಿಗಾಲ ಬೇಟೆಗೆ ಸಂಚರಿಸುತ್ತಿದ್ದರು. ಅಮೆರಿಕದ ಸೇನಾಧಿಕಾರಿ ಹೆನ್ರಿ ಸಿಬ್ಲಿ ಬಯಲುನಾಡಿನ ಮೂಲನಿವಾಸಿಗಳ ಗೂಡಾರವನ್ನು ನೋಡಿ ರೂಪಿಸಿದ ಡೇರೆಗೆ 1856ರಲ್ಲಿ ಹಕ್ಕುಪತ್ರ ಪಡೆದ. ಅವನ ಹೆಸರಿನ ಶಂಕುವಿನಾಕಾರದ ಒಲೆ ಸೈನ್ಯದಲ್ಲಿ ಬಹುಕಾಲ ಉಳಿಯಿತು. ಫಿನ್ಲೆಂಡಿನ ಸೇನೆಯಲ್ಲಂತೂ ಡೇರೆಯ ಒಲೆ ಉರಿಯುವಷ್ಟು ಹೊತ್ತು ಒಬ್ಬ ಎಚ್ಚರವಿರಲೇಬೇಕು. ಆ ಕಾವಲಿನ ಹೆಸರಿನಲ್ಲಿಯೇ ‘ಕಿಡಿ’ ಎಂಬ ಪದವಿದೆ. ಇದನ್ನು ನಾನು ಹೊರಡುವ ಮುನ್ನ ಓದಿದ್ದೆ. ಓದಿ ಮೆಚ್ಚಿ ಮರೆತಿದ್ದೆ.

ಸರೋವರದ ಮೇಲೆ ಎರಡು ಗಂಟೆ ನಡೆದು, ಗಾಳಿ ತಗಲದ ದಡವೊಂದನ್ನು ಹುಡುಕಿ ಡೇರೆ ಹಾಕಿದೆವು. ಹಿಮವನ್ನು ತುಳಿದು ಗಟ್ಟಿಮಾಡಿ, ಒಲೆ ಹೂತುಹೋಗದಂತೆ ಅದರಡಿ ದಪ್ಪ ದಿಮ್ಮಿಗಳನ್ನಿಟ್ಟೆವು. ನಿಂತಲ್ಲೇ ಒಣಗಿದ ಸ್ಪ್ರೂಸ್ ಮರವನ್ನು ಕೊಯ್ದು ಮಣಿಕಟ್ಟಿನ ಗಾತ್ರಕ್ಕೆ ಸೀಳಿದೆವು. ಬಿದ್ದು ಸತ್ತ ಬರ್ಚ್ ಮರದ ತೊಗಟೆ ನಮ್ಮ ತೆಂಗಿನ ಗರಿಯಂತೆ ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ, ಆದರೆ ಕಪ್ಪು ಮಸಿ ಕಾರುತ್ತದೆ. ಹತ್ತು ನಿಮಿಷದಲ್ಲಿ ಡೇರೆಯೊಳಗೆ ಅಂಗಿಯಲ್ಲಿ ಕೂರುವಷ್ಟು ಬೆಚ್ಚಗಾಯಿತು. ತಲೆಯ ಬಳಿ ವೈಶಾಖ, ಪಾದದ ಬಳಿ ಮಾಘ. ಹಿಮ ಕರಗಿಸಿ ಅನ್ನ ಸಾರು ಮಾಡಿ ಉಂಡೆವು. ಅಳಿಯ ಅಷ್ಟು ಹೊತ್ತು ಕನ್ನಡದಲ್ಲೇ ಮಾತಾಡಿದ. ಮನೆಯಲ್ಲಿ ಎರಡು ವಾಕ್ಯಕ್ಕೆ ಮುಗಿಯುತ್ತಿದ್ದ ಅವನ ಕನ್ನಡ ಒಲೆಯ ಮುಂದೆ ಒಂಬತ್ತು ಗಂಟೆಯವರೆಗೆ ಸಾಗಿತು.

ತಪ್ಪು ಮಾಡಿದವನು ನಾನು. ಮಲಗುವ ಮುನ್ನ ಅಂಚಿನಿಂದ ತಣ್ಣನೆಯ ಗಾಳಿ ನುಸುಳುತ್ತಿದೆಯೆಂದು ಸುತ್ತಲೂ ಹಿಮವನ್ನು ಒತ್ತಿ ಮುಚ್ಚಿದೆ. ಮೇಲಿನ ಗಾಳಿಕಿಂಡಿಯ ಹಗ್ಗವನ್ನೂ ಬಿಗಿದೆ. ಸೌದೆ ಬೆಳಗಿನವರೆಗೆ ಬರಲೆಂದು ಕೊಳವೆಯೊಳಗಿನ ತಿರುಗುತಟ್ಟೆಯನ್ನು ಬಹುಪಾಲು ಮುಚ್ಚಿದೆ. ಮೂರು ಸಣ್ಣ ಜಾಣತನಗಳು. ಒಂದೂವರೆ ಗಂಟೆಗೆ ಸೂಚಕದ ಕೂಗಿಗೆ ಎಚ್ಚರವಾದಾಗ ಅದು ಕೋಳಿಯೋ ಗಂಟೆಯೋ ತಿಳಿಯದೆ ಅರೆಕ್ಷಣ ಹಾಗೇ ಬಿದ್ದಿದ್ದೆ. ತಲೆ ಭಾರವಾಗಿತ್ತು. ಆಮೇಲೆ ಆ ವರದಿಯ ಹಾಳೆ ಕಣ್ಮುಂದೆ ಬಂತು. ಬಾಗಿಲ ಜಿಪ್ಪನ್ನು ಕಿತ್ತೆಳೆದು, ಅಳಿಯನನ್ನು ನಿದ್ರಾಚೀಲದ ಸಮೇತ ಹಿಮದ ಮೇಲೆ ಎಳೆದು ಹಾಕಿದೆ. ಭಾವ ತಾವೇ ತೆವಳಿ ಬಂದರು. ಹುಡುಗ ಕಣ್ಣು ತೆರೆದು, “ಮಾವ, ಬೆಳಗಾಯಿತೇ?” ಎಂದ. ನಾನು ಉತ್ತರಿಸಲಾರದೆ ಅವನ ಟೊಪ್ಪಿಯನ್ನು ಸರಿಪಡಿಸಿದೆ.

ಟಾರ್ಚು ಹಿಡಿದು ನೋಡಿದರೆ ಕೊಳವೆಯ ತುದಿಯ ಕಿಡಿಬಲೆ ಬರ್ಚ್ ತೊಗಟೆಯ ಮಸಿಯಿಂದ ಅರ್ಧ ಕಟ್ಟಿಹೋಗಿತ್ತು. ನಮ್ಮ ಉಸಿರೂ ಅನ್ನದ ಆವಿಯೂ ಒಳಬಟ್ಟೆಯ ಮೇಲೆ ಮಂಜಿನ ಪದರವಾಗಿ ನಿಂತು, ಉಸಿರಾಡುತ್ತದೆಂದು ನಾನು ಹೊಗಳಿ ಆರಿಸಿದ ಹತ್ತಿಬಟ್ಟೆಯ ಬಾಯನ್ನೂ ಮುಚ್ಚಿತ್ತು. ಗಾಳಿ ಸಾಲದ ಕೆಂಡ, ತಣಿದ ಕೊಳವೆ, ಹೊರದಾರಿಯಿಲ್ಲದ ಹೊಗೆ. ಅಮ್ಮನ ಕೂಗು ನೆನಪಾದುದು ಆಗಲೇ. ಬಚ್ಚಲಮನೆಗೆ ಹಂಚಿನ ಸಂದುಗಳಿದ್ದವು. ನಾನು ಇಲ್ಲಿ ಒಂದು ಸಂದನ್ನೂ ಉಳಿಸಿರಲಿಲ್ಲ. ಉಳಿದ ರಾತ್ರಿ ಒಲೆ ಹಚ್ಚಲಿಲ್ಲ. ಅಂಗಡಿಯ ಹೆಂಗಸಿನ ಮಾತಿನಂತೆ ಆರಿಸಿದ ದಪ್ಪ ನಿದ್ರಾಚೀಲಗಳು ಬೆಳಗಿನವರೆಗೆ ನಮ್ಮನ್ನು ಕಾದವು.

ಮರುದಿನ ಹಿಂದಿರುಗೋಣವೆಂದು ನಾನೂ ಭಾವನೂ ಮಾತಾಡಿಕೊಂಡೆವು. ಅಳಿಯ ಒಪ್ಪಲಿಲ್ಲ. ಅವನು ಕಿಡಿಬಲೆಯನ್ನು ಕಡ್ಡಿಯಿಂದ ಕೆರೆದು ತೆಗೆದ, ಗಾಳಿ ಬೀಸುವ ಕಡೆಗೆ ಬೆನ್ನಾದ ಮಗ್ಗುಲಲ್ಲಿ ಎರಡು ಗೇಣು ಹಿಮವನ್ನು ಬಿಡಿಸಿದ, ಮೇಲಿನ ಕಿಂಡಿಯ ಹಗ್ಗವನ್ನು ಮತ್ತೆ ಬಿಗಿಯದಂತೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ತಿರುಗುತಟ್ಟೆ ಮುಟ್ಟುವ ಅಧಿಕಾರ ನನಗಿಲ್ಲವೆಂದು ಘೋಷಿಸಿದ. ನಾನು ಫಿನ್ಲೆಂಡಿನ ಕಾವಲಿನ ಕಥೆ ಹೇಳಿದಾಗ ಕಾಗದ ತೆಗೆದು ಸರದಿ ಬರೆದ: ಹತ್ತರವರೆಗೆ ಅಪ್ಪ, ಹತ್ತರಿಂದ ಹನ್ನೆರಡು ಮಾವ, ಆಮೇಲೆ ಒಲೆ ಆರಿಸುವುದು. ತನಗೂ ಒಂದು ಪಾಳಿ ಬೇಕೆಂದು ಹಟ ಹಿಡಿದದ್ದರಿಂದ ಬೆಳಗ್ಗೆ ಐದಕ್ಕೆ ಎದ್ದು ಒಲೆ ಹೊತ್ತಿಸುವ ಕೆಲಸ ಅವನದಾಯಿತು.

ಆ ರಾತ್ರಿ ನನ್ನ ಪಾಳಿಯಲ್ಲಿ ಸೂಚಕದ ಅಂಕಿ ಸೊನ್ನೆಯಿಂದ ಕದಲಲಿಲ್ಲ. ಹೊರಗೆ ಸರೋವರದ ಮಂಜುಗಡ್ಡೆ ಚಳಿಗೆ ಬಿರಿದು, ದೂರದ ಕದಿನದಂತೆ ಒಂದೊಂದು ಸಲ ಗುಡುಗುತ್ತಿತ್ತು. ಹನ್ನೆರಡಕ್ಕೆ ಕೆಂಡ ಬೂದಿಯಾಗುವವರೆಗೆ ಕಾದು, ಅದರ ಮೇಲೆ ಕೈಯಿಟ್ಟು ನೋಡಿ, ಆಮೇಲೆ ಮಲಗಿದೆ.