ತೋಟದ ಲೆಕ್ಕ – 6: ಒಳಗೆ ಏನೂ ಇಲ್ಲದ ಕಾಳು

ಮೊದಲ ಫೋಟೋ ಜೂಮ್ ಮಾಡಿ ನೋಡಿ. ಹಸಿರು ಗೊಂಚಲಿನ ನಡುವೆ ನಾಲ್ಕು ಕಾಳು ಹಳದಿ, ಒಂದು ಕಪ್ಪು. ಹಣ್ಣಾಗ್ತಿದೆ ಅಂದ್ಕೊಂಡ್ರಾ? ನಮ್ಮ ಕಡೆ ಸೆಪ್ಟೆಂಬರ್‌ನಲ್ಲಿ ಕಾಳುಮೆಣಸು ಹಣ್ಣಾಗಲ್ಲ. ಆ ಕಪ್ಪು ಕಾಳನ್ನು ಬೆರಳಲ್ಲಿ ಒತ್ತಿದ್ರೆ ಪುಡಿಪುಡಿ, ಒಳಗೆ ಖಾಲಿ. ಪೊಳ್ಳು ದುಂಬಿಯ ಕೆಲಸ ಇದು.

ಎರಡನೇ ಫೋಟೋದಲ್ಲಿರೋದೇ ಆ ದುಂಬಿ. ಸಣ್ಣದು, ನೀಲಿ-ಹಳದಿ, ಹೊಳೆಯುತ್ತೆ, ಹತ್ತಿರ ಹೋದ್ರೆ ಚಂಗನೆ ಹಾರುತ್ತೆ. ಮಳೆಗಾಲದಲ್ಲಿ ಕಾಳು ಕಟ್ಟುತ್ತಲ್ಲ, ಆಗ ಎಳೆ ಕಾಳಿನ ಮೇಲೆ ಒಂದೋ ಎರಡೋ ಮೊಟ್ಟೆ ಇಡುತ್ತೆ. ಮರಿಹುಳ ಕಾಳು ಕೊರೆದು ಒಳಗೆ ಹೋಗಿ, ತಿರುಳೆಲ್ಲ ತಿಂದು, ಪಕ್ಕದ ಕಾಳಿಗೆ ದಾಟುತ್ತೆ. ಹೀಗೆ ಒಂದು ಹುಳ ಮೂರು ನಾಲ್ಕು ಕಾಳು ಮುಗಿಸಿ ಮಣ್ಣಿಗೆ ಬಿದ್ದು ಕೋಶ ಕಟ್ಟುತ್ತೆ. ಅಲ್ಲಿಂದ ಮತ್ತೆ ದುಂಬಿ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಾವಳಿ ಜೋರು. ಘಟ್ಟದ ಮೇಲಿನವರಿಗಿಂತ ಕರಾವಳಿಯ ನಮಗೇ ಇದರ ಕಾಟ ಜಾಸ್ತಿ.

ಬಳ್ಳಿಯಲ್ಲಿ ಇದು ಕಣ್ಣಿಗೆ ಬೀಳೋದು ಕಮ್ಮಿ, ಗೊತ್ತಾಗೋದು ತಕ್ಕಡಿಯಲ್ಲಿ. ಈ ಜನವರಿಯಲ್ಲಿ ಅಂಗಡಿಯವರು ನಮ್ಮ ಮೆಣಸನ್ನು ಲೀಟರ್ ಪಾತ್ರೆಗೆ ಸುರಿದು ತೂಗಿದ್ರು. ಒಳ್ಳೆ ಮಾಲು 550 ಗ್ರಾಂ ಆಸುಪಾಸು ಬರಬೇಕು. ನಮ್ಮದು 480. ರೇಟ್ ಇಳಿಸಿದ್ರು. ಅಮ್ಮ ಏನೂ ಹೇಳದೆ ದುಡ್ಡು ಎಣಿಸಿಕೊಂಡಳು. ಆ ದುಡ್ಡಲ್ಲೇ ನನ್ನ ಫೀಸ್ ಕಟ್ಟಬೇಕಿತ್ತು.

ಕಾಸ್ಟ್ ಅಕೌಂಟಿಂಗ್‌ನಲ್ಲಿ ನಾರ್ಮಲ್ ಲಾಸ್ ಅಂತ ಓದ್ತೀವಿ: ಹೇಗಿದ್ರೂ ಆಗೋ ನಷ್ಟ, ಅದರ ಖರ್ಚನ್ನು ಉಳಿದ ಒಳ್ಳೆ ಮಾಲಿನ ಮೇಲೆ ಹೊರಿಸೋದು. ಒಣಗಿಸುವಾಗ ತೂಕ ಇಳಿಯೋದು ನಾರ್ಮಲ್. ಪೊಳ್ಳು ಹಾಗಲ್ಲ, ತಡೆಯಬಹುದಾದದ್ದು. ಆದ್ರೆ ನಮ್ಮ ಮನೆಗಳಲ್ಲಿ ಎರಡನ್ನೂ ಸೇರಿಸಿ "ಈ ಸಲ ಫಸಲು ಕಮ್ಮಿ" ಅಂತ ಬಿಟ್ಟುಬಿಡ್ತಾರೆ.

ಬೋರ್ಡೋ ಹೊಡೆದಿದ್ದೀವಲ್ಲ ಅಂತೀರಾ? ಅದು ಕೊಳೆ ರೋಗಕ್ಕೆ, ದುಂಬಿಗಲ್ಲ ಮಾರಾಯ್ರೆ!

ದುಂಬಿಗೆ ಬೇಕಾದ್ದು ದಟ್ಟ ನೆರಳು. ನಮ್ಮಲ್ಲಿ ಹೆಚ್ಚು ಪೊಳ್ಳು ಇರೋದು ಹಲಸಿನ ಮರದ ಬದಿಯ ಬಳ್ಳಿಗಳಲ್ಲೇ. ಕೊಂಬೆ ಕಡಿಸೋಣ ಅಂದ್ರೆ "ಅಜ್ಜ ನೆಟ್ಟ ಮರ, ಕತ್ತಿ ತಾಗಿಸ್ಬೇಡ" ಅಂತಾಳೆ ಅಮ್ಮ. ವಾರವಿಡೀ ಫೋನಲ್ಲಿ ಇದೇ ಚರ್ಚೆ. ಕೊನೆಗೆ ಎರಡು ಕೊಂಬೆಗೆ ಒಪ್ಪಿದ್ದಾಳೆ. ಜೊತೆಗೆ ಆಗಸ್ಟ್‌ನಿಂದ 21 ದಿನಕ್ಕೊಮ್ಮೆ ಬೇವಿನ ಔಷಧಿ, ಎಲೆಯ ಅಡಿಗೂ ಗೊಂಚಲಿಗೂ. ಅಕ್ಟೋಬರ್‌ವರೆಗೆ ಬಿಡುವ ಹಾಗಿಲ್ಲ. ನನ್ನ ಇಂಟರ್ನಲ್ಸ್ ಕೂಡ ಅದೇ ಸಮಯಕ್ಕೆ, ಹಾಗಾಗಿ ಶನಿವಾರ ರಾತ್ರಿ ಬಸ್ಸೇ ಗತಿ.

ನಿಮ್ಮಲ್ಲೂ ಬಳ್ಳಿ ಇದ್ರೆ ನಾಳೆ ಹತ್ತು ಗೊಂಚಲು ನೋಡಿ, ಹಳದಿ ಕಾಳು ಎಷ್ಟು ಅಂತ ಕಮೆಂಟಲ್ಲಿ ಹಾಕಿ. ನಮ್ಮ ಲೆಕ್ಕ ಮುಂದಿನ ಪೋಸ್ಟಲ್ಲಿ.

#ತೋಟದಲೆಕ್ಕ #ಕಾಳುಮೆಣಸು #ಕರಾವಳಿ