ಹಳೆಯ ಹೈ-ಫೈ ಮತ್ತು ವೆಚ್ಚದ ಮಿತಿ

ಮನೆಯ ವಸ್ತುವೊಂದು ಹಳೆಯದಾದಾಗ ಗೃಹಸ್ಥನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ. ಅದನ್ನು ತೆಗೆದುಹಾಕಿ ಹೊಸದನ್ನು ತರುವುದು ಒಂದು. ಅದರ ಕೊರತೆಗಳನ್ನು ಸಹಿಸಿಕೊಂಡು ಹೇಗೋ ಕಾಲ ಕಳೆಯುವುದು ಇನ್ನೊಂದು. ಇವೆರಡರ ನಡುವೆ ಮೂರನೆಯ ದಾರಿಯೂ ಉಂಟು. ದೋಷ ಎಲ್ಲಿದೆಯೆಂದು ತಿಳಿದು, ಕೈಗೆಟುಕುವಷ್ಟನ್ನು ಮಾತ್ರ ವೆಚ್ಚಮಾಡಿ, ಹಂತಹಂತವಾಗಿ ಸರಿಪಡಿಸುತ್ತ ಹೋಗುವುದು ಆ ದಾರಿ. ಅದರಲ್ಲಿ ಹಣಕ್ಕಿಂತ ಹೆಚ್ಚಾಗಿ ತಾಳ್ಮೆ ಖರ್ಚಾಗುತ್ತದೆ. ಹೊಸಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿ ನಡೆದ ಸಂಗತಿ ಇದಕ್ಕೆ ಉದಾಹರಣೆಯಾಗಿದೆ.

ಈ ವ್ಯಾಪಾರಿಗಳು 1987ರಲ್ಲಿ ಒಂದು ಹೈ-ಫೈ ಸೆಟ್ ಕೊಂಡಿದ್ದರು. 1991ರ ಆರ್ಥಿಕ ಸುಧಾರಣೆಗೆ ಮೊದಲು ವಿದೇಶೀ ಉಪಕರಣಗಳ ಮೇಲೆ ಭಾರಿ ಸುಂಕವಿದ್ದುದರಿಂದ, ಮಧ್ಯಮ ವರ್ಗದ ಮನೆಗಳಿಗೆ ದೇಶದಲ್ಲೇ ತಯಾರಾದ ಉಪಕರಣಗಳೇ ಗತಿಯಾಗಿದ್ದವು. 25 ವ್ಯಾಟಿನ ಆಂಪ್ಲಿಫೈಯರ್, ಬೆಲ್ಟಿನಿಂದ ತಿರುಗುವ ರೆಕಾರ್ಡ್ ಪ್ಲೇಯರ್, ಕ್ಯಾಸೆಟ್ ಡೆಕ್ ಮತ್ತು ಮರದ ಪೆಟ್ಟಿಗೆಯ ಎರಡು ಸ್ಪೀಕರುಗಳು ಆ ಸೆಟ್ಟಿನಲ್ಲಿದ್ದವು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಇವರ ರೆಕಾರ್ಡುಗಳನ್ನು ಒಂದೊಂದಾಗಿ ಕೂಡಿಸಿದ್ದರು. ಮನ್ಸೂರರು 1992ರಲ್ಲಿ ತೀರಿಕೊಂಡ ಮೇಲಂತೂ ಆ ರೆಕಾರ್ಡುಗಳನ್ನು ಮನೆಯ ಒಡವೆಯಂತೆಯೇ ಕಾಪಾಡಿಕೊಂಡು ಬಂದರು.

ಮೂವತ್ತೆರಡು ವರ್ಷ ಕಳೆಯುವ ಹೊತ್ತಿಗೆ ಸೆಟ್ಟಿನ ಧ್ವನಿ ಕೆಟ್ಟಿತ್ತು. ತಂಬೂರಿಯ ನಾದ ಕಂಬಳಿಯೊಳಗಿಂದ ಬಂದಂತೆ ಮಂಕಾಗಿ ಕೇಳುತ್ತಿತ್ತು. ಧ್ವನಿಯ ಗುಂಡಿಯನ್ನು ತಿರುಗಿಸಿದರೆ ಕರಕರ ಸದ್ದಾಗುತ್ತಿತ್ತು. ಬೆಂಗಳೂರಿನಲ್ಲಿದ್ದ ಮಗ, “ಅಪ್ಪಾಜಿ, ಒಂದೂವರೆ ಲಕ್ಷಕ್ಕೆ ಒಳ್ಳೆಯ ಹೊಸ ಸೆಟ್ ಬರುತ್ತದೆ, ನಾನೇ ಕಳಿಸುತ್ತೇನೆ” ಎಂದನು. ತಂದೆಯವರು ಒಪ್ಪಲಿಲ್ಲ. 2019ರ ದೀಪಾವಳಿಯಂದು ಅಂಗಡಿಯ ಹೊಸ ಲೆಕ್ಕದ ಪುಸ್ತಕ ಪೂಜಿಸಿದಾಗ, ಮನೆಯ ಪುಸ್ತಕದಲ್ಲಿ ಒಂದು ಪುಟವನ್ನು ಇದಕ್ಕೆಂದು ಮೀಸಲಿಟ್ಟು, ವರ್ಷಕ್ಕೆ 6,000 ರೂಪಾಯಿ ಮಿತಿಯೆಂದು ಬರೆದರು. ಒಮ್ಮೆ ಅನುಭವಿಸಿ ಮುಗಿಯುವುದನ್ನು ಭೋಗವೆಂದೂ, ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಂಗಡಿಸಿದ್ದಾರೆ. ಹೈ-ಫೈ ಎಂಬುದು ಉಪಭೋಗದ ವಸ್ತು. ಅದಕ್ಕೊಂದು ಪರಿಮಾಣವಿರಬೇಕು ಎಂಬುದಷ್ಟೇ ಅವರ ವಿಚಾರವಾಗಿತ್ತು.

ಮಿತಿಯ ಕೆಳಗೆ ಮೂರು ನಿಯಮಗಳನ್ನು ಬರೆದರು: ದೋಷ ಯಾವುದೆಂದು ಕಿವಿಯಿಂದ ತಿಳಿಯದೆ ಏನನ್ನೂ ಕೊಳ್ಳಬಾರದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಕೆಲವು ತಿಂಗಳು ಕೇಳಿದ ಮೇಲೆಯೇ ಮುಂದಿನದನ್ನು ಯೋಚಿಸಬೇಕು, ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು.

ಮೊದಲ ಹಂತಕ್ಕೆ ಹೆಚ್ಚಿನ ಹಣವೇ ಬೇಕಾಗಲಿಲ್ಲ. ಸ್ಪೀಕರುಗಳು ಬಹುಕಾಲದಿಂದ ಕೋಣೆಯ ಎರಡು ಮೂಲೆಗಳಲ್ಲಿ, ಬೀರುಗಳ ಮೇಲೆ ಕುಳಿತಿದ್ದವು. ಮೂಲೆಯಲ್ಲಿಟ್ಟ ಸ್ಪೀಕರಿನ ತಗ್ಗುಸ್ವರಗಳು ಗೋಡೆಗಳ ಕಾರಣದಿಂದ ಅಗತ್ಯಕ್ಕಿಂತ ಉಬ್ಬುತ್ತವೆ. ಗಾಯಕನ ಕಂಠ ಆ ಉಬ್ಬರದಲ್ಲಿ ಮುಚ್ಚಿಹೋಗುತ್ತದೆ. ಅವುಗಳನ್ನು ಕೆಳಗಿಳಿಸಿ, ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ತಂದು, ಕುಳಿತವರ ಕಿವಿಯ ಎತ್ತರಕ್ಕೆ ಟ್ವೀಟರ್ ಬರುವಂತೆ ಸ್ಟೂಲುಗಳ ಮೇಲಿಟ್ಟರು. ಎರಡು ಸ್ಪೀಕರುಗಳೂ ಕೇಳುವವರ ಆಸನವೂ ಸಮಭುಜ ತ್ರಿಕೋನದಂತಿರಬೇಕೆಂಬ ಹಳೆಯ ನಿಯಮವನ್ನು ಅನುಸರಿಸಿದರು. ನೆಲಕ್ಕೆ ಜಮಖಾನೆ ಹಾಸಿದರು. ಅರ್ಧ ದೋಷ ಅಂದೇ ನೀಗಿತು. ಹೊಸ ಸೆಟ್ ತಂದು ಅದೇ ಬೀರುಗಳ ಮೇಲಿಟ್ಟಿದ್ದರೆ, ಒಂದೂವರೆ ಲಕ್ಷ ಕೊಟ್ಟೂ ಹಳೆಯ ದೋಷ ಉಳಿಯುತ್ತಿತ್ತು.

ಎರಡನೆಯದು ಧೂಳು. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ಹೊತ್ತ ಲಾರಿಗಳು ಹಗಲಿರುಳೂ ಓಡುತ್ತಿದ್ದ ವರ್ಷಗಳನ್ನು ಹೊಸಪೇಟೆಯ ಜನ ಮರೆತಿಲ್ಲ. ಆಗ ಒಗೆದು ಹರವಿದ ಬಟ್ಟೆಗಳೂ ಕೆಂಪಾಗುತ್ತಿದ್ದವು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ವಾರ್ಷಿಕ ಮಿತಿಯನ್ನು ಗೊತ್ತುಪಡಿಸಿದ ಮೇಲೆಯೇ ಅದು ಮತ್ತೆ ಆರಂಭವಾಯಿತು. ಮನುಷ್ಯರು ತಾವಾಗಿ ಮಿತಿ ಹಾಕಿಕೊಳ್ಳದಿದ್ದರೆ ಅದನ್ನು ಹೊರಗಿನವರು ಹಾಕಬೇಕಾಗುತ್ತದೆ ಎಂಬುದಕ್ಕೆ ಆ ಗುಡ್ಡಗಳೇ ಸಾಕ್ಷಿ. ಆ ಕಾಲದ ಕೆಂಧೂಳು ಆಂಪ್ಲಿಫೈಯರಿನ ಒಳಗೆ ಇನ್ನೂ ಕುಳಿತಿತ್ತು. ಅದನ್ನು ತೆಗೆಸಿ, ಧ್ವನಿಯ ಗುಂಡಿಗೆ ಸಂಪರ್ಕ ಶುದ್ಧಗೊಳಿಸುವ ದ್ರವ ಹಾಕಿಸಿದಾಗ ಕರಕರ ನಿಂತಿತು. ರೆಕಾರ್ಡ್ ಪ್ಲೇಯರಿನ ಸಡಿಲಗೊಂಡ ರಬ್ಬರ್ ಬೆಲ್ಟನ್ನೂ ಬದಲಿಸಿದರು. ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೆಯ ಒಂದು ಭಾಗದಷ್ಟು ಸುತ್ತು ಸುತ್ತಬೇಕಾದ ತಟ್ಟೆ ನಿಧಾನವಾದರೆ ಗಾಯಕನ ಶ್ರುತಿಯೇ ಇಳಿಯುತ್ತದೆ. ಇವೆಲ್ಲಕ್ಕೆ ಆದ ವೆಚ್ಚ 1,150 ರೂಪಾಯಿ.

ಮುಂದಿನದು ಸ್ಟೈಲಸ್, ಅಂದರೆ ರೆಕಾರ್ಡಿನ ಗೆರೆಯಲ್ಲಿ ಓಡುವ ವಜ್ರದ ಮೊನೆ. ಐನೂರರಿಂದ ಸಾವಿರ ಗಂಟೆಗಳ ಬಳಕೆಯಲ್ಲಿ ಅದು ಸವೆಯುತ್ತದೆ. ಸವೆದ ಮೊನೆ ಕೆಟ್ಟದಾಗಿ ನುಡಿಯುವುದಷ್ಟೇ ಅಲ್ಲದೆ, ರೆಕಾರ್ಡಿನ ಗೆರೆಯನ್ನೂ ಕೆಡಿಸುತ್ತದೆ. ಹಳೆಯ ರೆಕಾರ್ಡು ಹಾಳಾದರೆ ಮತ್ತೆ ದೊರೆಯುವುದು ಕಷ್ಟ. ಮತ್ತೆ ದೊರೆಯದ ವಸ್ತುವನ್ನು ಕಾಪಾಡುವ ವೆಚ್ಚವನ್ನು ಮೊದಲು ಮಾಡಬೇಕೆಂಬ ವಿವೇಕದಿಂದ 2,400 ರೂಪಾಯಿಗೆ ಹೊಸ ಸ್ಟೈಲಸ್ ತರಿಸಿದರು.

ಮಾರನೆಯ ವರ್ಷ ಸ್ಪೀಕರುಗಳ ಸರದಿ. ವೂಫರಿನ ಸುತ್ತಲಿನ ಸ್ಪಂಜಿನ ಅಂಚು ಬಿಸಿಲ ನಾಡಿನಲ್ಲಿ ಕೆಲವು ವರ್ಷಗಳಿಗೇ ಪುಡಿಯಾಗುತ್ತದೆ. ಅದಕ್ಕಾಗಿ ಸ್ಪೀಕರನ್ನೇ ಎಸೆಯುವವರು ಬಹಳ. ಅಂಚನ್ನು ಮಾತ್ರ ಬದಲಿಸಿದರೆ ಸಾಕೆಂದು ತಿಳಿದವರು ಕಡಿಮೆ. ಹುಬ್ಬಳ್ಳಿಯ ರಿಪೇರಿಗಾರರೊಬ್ಬರು 3,200 ರೂಪಾಯಿಗೆ ಎರಡಕ್ಕೂ ಹೊಸ ಅಂಚು ಕೂಡಿಸಿಕೊಟ್ಟರು. ಆಂಪ್ಲಿಫೈಯರಿನ ಒಣಗಿದ ಕೆಪ್ಯಾಸಿಟರುಗಳನ್ನೂ ಅವರೇ 4,600 ರೂಪಾಯಿಗೆ ಬದಲಿಸಿದರು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಆಂಪ್ಲಿಫೈಯರಿನ ಮೇಲೆ ಬಟ್ಟೆ, ಪುಸ್ತಕಗಳನ್ನು ಹೇರಿ ಗಾಳಿಯ ಕಿಂಡಿ ಮುಚ್ಚಬಾರದೆಂದು ಅವರು ಎಚ್ಚರಿಸಿದರು. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ ಉಳಿದಿರುವ ಕಾರಣ, ಬಲ್ಲವರಲ್ಲದವರು ಪೆಟ್ಟಿಗೆಯನ್ನು ಬಿಚ್ಚುವುದು ಅಪಾಯಕರ. ಬಳಿಕ 2,300 ರೂಪಾಯಿಗೆ ಒಂದು ಸ್ಟೆಬಿಲೈಜರ್ ಬಂದಿತು. ಮೂರು ವರ್ಷಗಳಲ್ಲಿ ಆದ ವೆಚ್ಚ ಒಟ್ಟು 13,650 ರೂಪಾಯಿ. ಮಿತಿಯ 18,000 ರೂಪಾಯಿಗಳಲ್ಲಿ 4,350 ಉಳಿದಿತ್ತು.

ಈ ನಡುವೆ ಬೆಂಗಳೂರಿನ ಅಂಗಡಿಯೊಂದರಲ್ಲಿ 50 ವ್ಯಾಟಿನ ಆಂಪ್ಲಿಫೈಯರ್ ನೋಡಿ ಅವರ ಮನಸ್ಸು ಚಲಿಸಿದ್ದೂ ಉಂಟು. ಆಗ ಲೆಕ್ಕ ನೆರವಿಗೆ ಬಂದಿತು. ವ್ಯಾಟು ಇಮ್ಮಡಿಯಾದರೆ ಧ್ವನಿ ಇಮ್ಮಡಿಯಾಗುವುದಿಲ್ಲ. ಕೇವಲ ಮೂರು ಡೆಸಿಬೆಲ್ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಡೆಸಿಬೆಲ್, ಅಂದರೆ ಹತ್ತುಪಟ್ಟು ವ್ಯಾಟು ಬೇಕು. ಮೇಲಾಗಿ ರೆಕಾರ್ಡ್ ಪ್ಲೇಯರಿನಿಂದ ಬರುವ ಸಂಕೇತ ಸಾಧಾರಣವಾಗಿ ಐದು ಮಿಲಿವೋಲ್ಟಿನಷ್ಟು ಮಾತ್ರ ಇರುತ್ತದೆ. ಅದನ್ನು ಹಿಗ್ಗಿಸುವ ಫೋನೋ ಭಾಗ ಹಳೆಯ ಪೆಟ್ಟಿಗೆಯಲ್ಲಿತ್ತು, ಹೊಸದರಲ್ಲಿ ಇರಲಿಲ್ಲ. ಅದಕ್ಕೆ ಬೇರೆ ಹಣ ತೆರಬೇಕಾಗಿತ್ತು. ವ್ಯಾಪಾರಿಗಳು ನಮಸ್ಕಾರ ಹೇಳಿ ಹೊರಬಂದರು.

ಆದರೆ ಮಿತಿಯ ನಿಜವಾದ ಪರೀಕ್ಷೆ ಅಂಗಡಿಯಲ್ಲಿ ನಡೆಯಲಿಲ್ಲ. ಅದು ನಡೆದದ್ದು 2022ರ ಬೇಸಿಗೆಯಲ್ಲಿ, ಕಂಪ್ಲಿಯ ಒಂದು ಮನೆಯಲ್ಲಿ. ಅಕ್ಕಿ ಗಿರಣಿ ನಡೆಸಿದ್ದ ಆ ಮನೆಯ ಹಿರಿಯರು ತೀರಿಕೊಂಡು ವರ್ಷವಾಗಿತ್ತು. ವಿದೇಶದಿಂದ ಬಂದ ಬಂಧುವೊಬ್ಬರು ಬಹಳ ಹಿಂದೆ ಅವರಿಗೆ ಕೊಟ್ಟಿದ್ದ ಆಂಪ್ಲಿಫೈಯರ್, ಸ್ಪೀಕರುಗಳು ಮೂಲೆ ಸೇರಿದ್ದವು. “ಇವು ಏನಾದರೂ ಬಾಳುತ್ತವೆಯೇ, ನೀವು ತಿಳಿದವರು, ಬಂದು ನೋಡಿ” ಎಂದು ಮಗ ಕರೆದಿದ್ದನು. ಹೊಸಪೇಟೆಯವರು ಮೊಮ್ಮಗನನ್ನೂ ಕರೆದುಕೊಂಡು ಹೋದರು. ಧೂಳು ಒರೆಸಿ, ತಂತಿ ಕೂಡಿಸಿ ನುಡಿಸಿದಾಗ ಕೋಣೆಯೆಲ್ಲ ತುಂಬುವಂತೆ, ಆದರೆ ಎಲ್ಲಿಯೂ ಗದ್ದಲವಿಲ್ಲದಂತೆ, ಆ ಧ್ವನಿ ಹೊರಟಿತು. ಮೂವತ್ತೈದು ವರ್ಷ ಅವರು ಬಯಸಿದ್ದ ಧ್ವನಿ ಅದೇ ಆಗಿತ್ತು.

“ಗುಜರಿಯವನು ಮೂರು ಸಾವಿರ ಹೇಳಿದ್ದಾನೆ, ಕಾಕಾ. ಅವನಿಗೆ ಕೊಡುವ ಬದಲು ಅಷ್ಟಕ್ಕೇ ನೀವು ಒಯ್ಯಿರಿ” ಎಂದನು ಮಗ. ತಿಳಿದವರು ಅದಕ್ಕೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಕೊಡುತ್ತಿರಲಿಲ್ಲವೆಂದು ವ್ಯಾಪಾರಿಗಳಿಗೆ ಗೊತ್ತಿತ್ತು. ಲೆಕ್ಕದ ಪುಟದಲ್ಲಿ 4,350 ರೂಪಾಯಿ ಉಳಿದಿತ್ತು. ಮಿತಿ ಮೀರುವ ಪ್ರಶ್ನೆಯಿರಲಿಲ್ಲ. ಹಳೆಯದನ್ನು ಹೊರಗೆ ಕಳಿಸಿದರೆ ನಿಯಮವೂ ಪಾಲನೆಯಾಗುತ್ತಿತ್ತು. ಮಾರುವವನೇ ಬೆಲೆ ಹೇಳಿದ್ದಾನೆ, ಕೇಳಿದ ಬೆಲೆ ಕೊಡುವುದರಲ್ಲಿ ಮೋಸವೇನಿದೆ ಎಂದು ವ್ಯಾಪಾರದ ಬುದ್ಧಿ ವಾದಿಸಿತು. ಆದರೆ ಆ ಮನೆಯವರು ಅವರನ್ನು ಗಿರಾಕಿಯೆಂದು ಕರೆದಿರಲಿಲ್ಲ, ತಿಳಿದವರೆಂದು ಕರೆದಿದ್ದರು. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ, ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದನ್ನೂ ಎಣಿಸಲಾಗಿದೆ. ನಂಬಿ ಕೇಳಿದವರಿಗೆ ತಿಳಿದದ್ದನ್ನು ಹೇಳದೆ ಉಳಿಯುವುದೂ ಒಂದು ಕಳ್ಳ ಅಳತೆಯೇ ಅಲ್ಲವೇ?

“ಇದರ ಬೆಲೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲ, ತಮ್ಮಾ. ಗುಜರಿಗೆ ಹಾಕಬೇಡ. ನನಗೆ ಕೊಳ್ಳುವ ಶಕ್ತಿಯಿಲ್ಲ” ಎಂದು ಹೇಳಿ ಅವರು ಎದ್ದರು.

ಕಂಪ್ಲಿಯಿಂದ ಕಮಲಾಪುರಕ್ಕೆ ಬರುವ ದಾರಿಯಲ್ಲಿ, ಹರಿಹರರಾಯನ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥುನಾಥ ಚೈತ್ಯಾಲಯವಿದೆ. ಜನ ಅದನ್ನು ಗಾಣಗಿತ್ತಿ ಬಸದಿಯೆನ್ನುತ್ತಾರೆ. ಅಲ್ಲಿ ಸ್ವಲ್ಪ ಹೊತ್ತು ಕುಳಿತು, ಮೊಮ್ಮಗನ ಹಟಕ್ಕಾಗಿ ಹಂಪಿಯ ವಿಠ್ಠಲ ದೇವಾಲಯಕ್ಕೂ ಹೋದರು. ಹುಡುಗನಿಗೆ ಸಂಗೀತದ ಕಂಬಗಳನ್ನು ಬಡಿದು ನೋಡುವ ಆಸೆ. ಬಡಿಯುವುದಕ್ಕೆ ನಿಷೇಧವಿದೆಯೆಂದು ತಿಳಿದು ಅವನು ಸಪ್ಪಗಾದನು. “ಬಂದವರೆಲ್ಲ ನಾದ ಕೇಳಬೇಕೆಂದು ಬಡಿಬಡಿದು ಕಲ್ಲಿಗೇ ಪೆಟ್ಟಾಯಿತು. ಇನ್ನು ಕೈ ಹಿಂದಕ್ಕೆ ತೆಗೆದುಕೊಂಡರೇ ಅದು ಉಳಿಯುವುದು” ಎಂದು ಅಜ್ಜ ಹೇಳಿದರು. ಆ ಮಾತು ಮೊಮ್ಮಗನಿಗೆ ಎಷ್ಟು ತಿಳಿಯಿತೋ. ಹೇಳಿದವರಿಗೆ ಅದು ಆ ದಿನ ಅಗತ್ಯವಾಗಿತ್ತು.

ಕಂಪ್ಲಿಯ ಮನೆಯವರು ಮುಂದೆ ಸೆಟ್ಟನ್ನು ಬೆಂಗಳೂರಿನವರೊಬ್ಬರಿಗೆ ಒಳ್ಳೆಯ ಬೆಲೆಗೆ ಮಾರಿದರು. ಸತ್ಯ ಹೇಳಿದ್ದಕ್ಕೆ ವ್ಯಾಪಾರಿಗಳಿಗೆ ಕೂಡಲೇ ಸಂತೋಷವಾಯಿತೆಂದು ಬರೆದರೆ ಅದು ನಿಜವಾಗದು. ಕೆಲವು ವಾರ ತಮ್ಮ ಮನೆಯ ಧ್ವನಿ ಅವರಿಗೆ ಸಪ್ಪೆಯೆನಿಸಿತು. ಒಂದು ಸಂಜೆ ಅದನ್ನು ಬಾಯಿಬಿಟ್ಟು ಹೇಳಿದಾಗ ಮನೆಯವರು, “ಸುಮ್ಮನೆ ತಂದಿದ್ದರೆ, ಹಾಕಿದಾಗಲೆಲ್ಲ ನಿಮಗೆ ಹಾಡಿನ ಬದಲು ಆ ಹುಡುಗನ ಮುಖವೇ ಕಾಣುತ್ತಿತ್ತಲ್ಲರೀ” ಎಂದರು. ಮೂರ್ಛೆಯೇ ಪರಿಗ್ರಹವೆಂಬ ತತ್ತ್ವಾರ್ಥಸೂತ್ರದ ವಿಚಾರವನ್ನು ಅವರು ಎಷ್ಟೋ ಸಲ ಸಭೆಗಳಲ್ಲಿ ವಿವರಿಸಿದ್ದರು. ಮನೆಗೆ ಬಾರದ ವಸ್ತುವೂ ಪರಿಗ್ರಹವಾಗಿ ಮನಸ್ಸಿನಲ್ಲಿ ಕುಳಿತಿರಬಲ್ಲದೆಂಬುದು ಮಾತ್ರ ಆಗಲೇ ಅನುಭವಕ್ಕೆ ಬಂದಿತು.

ನಾಲ್ಕನೆಯ ವರ್ಷ ಒಂದೇ ವಸ್ತು ಬಂದಿತು: ಮೊಮ್ಮಕ್ಕಳ ಮೊಬೈಲಿನ ಹಾಡುಗಳನ್ನೂ ಅದೇ ಆಂಪ್ಲಿಫೈಯರಿನಲ್ಲಿ ಕೇಳಲು 3,500 ರೂಪಾಯಿಯ ಚಿಕ್ಕ ಡ್ಯಾಕ್. ಅದಕ್ಕೆ ಬದಲಾಗಿ, ರಿಪೇರಿಗೆ ಮೀರಿದ್ದ ಕ್ಯಾಸೆಟ್ ಡೆಕ್ ಮನೆ ಬಿಟ್ಟಿತು. ಅದನ್ನು ತಿಪ್ಪೆಗೆ ಹಾಕದೆ, ಇ-ತ್ಯಾಜ್ಯವನ್ನು ನಿಯಮದಂತೆ ಸಂಗ್ರಹಿಸುವವರಿಗೆ ಒಪ್ಪಿಸಿದರು. 2023ರ ದೀಪಾವಳಿಗೆ ಲೆಕ್ಕ ಮುಗಿಸಿದಾಗ 24,000 ರೂಪಾಯಿಗಳಲ್ಲಿ 17,150 ವೆಚ್ಚವಾಗಿ 6,850 ಉಳಿದಿತ್ತು. ಮಗ ಊರಿಗೆ ಬಂದವನು ಆ ಪುಟ ನೋಡಿ, “ಇನ್ನು ಮುಂದೇನು ತರುತ್ತೀರಿ, ಅಪ್ಪಾಜಿ?” ಎಂದು ಕೇಳಿದನು.

ತಂದೆಯವರು ಪುಟದ ಕೆಳಗೆ ಗೆರೆ ಎಳೆದು ಪುಸ್ತಕ ಮುಚ್ಚಿದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿದಿತ್ತು. ಮನ್ಸೂರರ ರೆಕಾರ್ಡೊಂದನ್ನು ಒರೆಸಿ ತಟ್ಟೆಯ ಮೇಲಿಟ್ಟು, ಮುಳ್ಳನ್ನು ಮೆಲ್ಲನೆ ಇಳಿಸಿ, ಮಗನಿಗೆ ಪಕ್ಕದ ಕುರ್ಚಿಯನ್ನು ತೋರಿಸಿದರು. ಆ ಬದಿ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.